ಇಲ್ಲಿ ಬೆದರಲು ಕುರಿಗಳಿಲ್ಲ

ಕೊರೊನಾ ಕಾಲ ಮುಗಿದು ಜನ ಮಾಸ್ಕ್ ಮರೆತ ಮರುವರ್ಷದ ಮಾತಿದು. ಆಗ ನಾನು ಗೋಕಾಕ ಭಾಗದ ಒಂದು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಹಿರಿಯ ಶುಶ್ರೂಷಾಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ಇಷ್ಟುದ್ದ ಇದ್ದರೂ ಜನರ ಬಾಯಲ್ಲಿ ನಾನು ‘ನರ್ಸಬಾಯಿ’. ಎದುರಿಗೆ ಸಿಕ್ಕರೆ ‘ಬಾಯಾರ’. ಮೊದಲು ಹುಕ್ಕೇರಿ, ಆಮೇಲೆ ಮೂಡಲಗಿ ಕಡೆ ಕೆಲಸ ಮಾಡಿ, ನಿವೃತ್ತಿ ಹತ್ತಿರವಾದಾಗ ಇಲ್ಲಿಗೆ ಬಂದಿದ್ದೆ. ಮನೆ ಹುಕ್ಕೇರಿಯಲ್ಲೇ ಇದ್ದುದರಿಂದ ದಿನಾ ಬಸ್ಸಿನ ಓಡಾಟ. ನನ್ನ ಕೈಯಲ್ಲಿ ಹೆತ್ತ ಹೆಂಗಸರು ಬಸ್ಸಿನಲ್ಲಿ ನನಗಾಗಿ ಸೀಟು ಹಿಡಿಯುತ್ತಿದ್ದರು. ಕೂತ ಮೇಲೆ, “ಅವತ್ತ ಎಷ್ಟ ಬೈದ್ರಿ ಬಾಯಾರ ನನಗ!” ಎಂದು ನೆನಪಿಸಲು ಮಾತ್ರ ಮರೆಯುತ್ತಿರಲಿಲ್ಲ.

ಹೌದು, ನನ್ನ ಬಾಯಿ ಜೋರು. ಹೆರಿಗೆ ಕೋಣೆಯಲ್ಲಿ ಕೆಲಸ ಮಾಡುವವರ ಬಾಯಿ ಜೋರಿಲ್ಲದಿದ್ದರೆ ಅಲ್ಲಿ ಅವರ ಮಾತು ಯಾರಿಗೂ ಕೇಳಿಸುವುದಿಲ್ಲ. ಒಬ್ಬಳು ಗಂಡನ ಹೆಸರು ಹಿಡಿದು ಬೈಯುತ್ತಿರುತ್ತಾಳೆ, ಇನ್ನೊಬ್ಬಳು ಊರ ದೇವರಿಗೆಲ್ಲ ಹರಕೆ ಹೊರುತ್ತಿರುತ್ತಾಳೆ. ಇನ್ನು ಗಂಡನ ಮುಖ ನೋಡುವುದಿಲ್ಲ, ತವರಲ್ಲೇ ಇದ್ದುಬಿಡುತ್ತೇನೆ ಎಂದು ಒಬ್ಬಳು ಆಣೆ ಮಾಡಿದ್ದಳು. ಕೂಸು ಹೊರಗೆ ಬಂದ ಮೇಲೆ ಅವಳು ಕೇಳಿದ ಮೊದಲ ಮಾತು, “ಅಂವಾ ಊಟಾ ಮಾಡ್ಯಾನೇನ್ರಿ?” ಇಂಥ ಗದ್ದಲದಲ್ಲೇ ನನ್ನ ಆಯುಷ್ಯದ ಬಹುಪಾಲು ಕಳೆದಿದೆ. ಹಾಗಾಗಿ ಒಬ್ಬ ಹುಡುಗಿ ಬಂದು ಬಾಯಿಯನ್ನೇ ತೆರೆಯದೆ ಮಲಗಿದಾಗ ನನಗೆ ಏನೋ ಸರಿ ಇಲ್ಲ ಅನ್ನಿಸಿತು.

ಅವಳ ಹೆಸರು ಮಾಯಕ್ಕ. ಮೇಲವಂಕಿಯ ಕುರುಬರ ಮನೆಯ ಮಗಳು. ನಾಗನೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು, ಸಕ್ಕರೆ ಕಾರ್ಖಾನೆಯ ಮುಂದಿನ ಗಾಡಿಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ದೀಪಾವಳಿ ಕಳೆದಿತ್ತು, ಅವಳ ಅಪ್ಪ ಅವ್ವ ಇಬ್ಬರೂ ಕುರಿ ಹೊಡೆದುಕೊಂಡು ಸಂಕೇಶ್ವರದ ಆಚೆ ಹೋಗಿದ್ದರು. ಕುರಿ ಅಡವಿಗೆ ಹೋದರೆ ಮನೆಯ ಹೆಂಗಸರೂ ಜೊತೆಗೆ ಹೋಗುವುದು ಅವರಲ್ಲಿ ರೂಢಿ. ಆದ್ದರಿಂದ ಅವಳ ಜೊತೆ ಬಂದವಳು ಆಯಿ, ಅಂದರೆ ಅಪ್ಪನ ತಾಯಿ, ಸಿದ್ದವ್ವ. ತೆಳ್ಳನೆಯ ಮುದುಕಿ, ಬೆನ್ನು ಮಾತ್ರ ನೆಟ್ಟಗೆ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಹಳೆ ಸೀರೆ ತುಂಡುಗಳ ಗಂಟು.

ಮುಂಜಾನೆಯ ಹೊತ್ತು ಬಂದರು. ಪರೀಕ್ಷೆ ಮಾಡಿದೆ. ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ಅದು ಹತ್ತಾಗುವವರೆಗೆ ಕೂಸು ಇಳಿಯಲು ದಾರಿ ಇಲ್ಲ, ನಾವು ಕಾಯಬೇಕು. ಡಾಪ್ಲರ್ ಹಚ್ಚಿ ಕೂಸಿನ ಎದೆಬಡಿತ ಕೇಳಿಸಿದೆ. ಕುದುರೆ ಓಡಿದ ಹಾಗೆ ಟಕಟಕ ಎಂದು ಚೆನ್ನಾಗಿತ್ತು. ಸಾಮಾನ್ಯವಾಗಿ ಆ ಸದ್ದು ಕೇಳಿದ ಕೂಡಲೇ ಹುಡುಗಿಯರ ಮುಖ ಅರಳುತ್ತದೆ. ಇವಳು ಮಾತ್ರ ನನ್ನ ಮುಖವನ್ನೇ ದಿಟ್ಟಿಸಿ, “ಬಾಯಾರ, ಬೆನ್ನಾಗ ಒಂದ ಸೂಜಿ ಹಾಕಿದ್ರ ಬ್ಯಾನಿ ಗೊತ್ತ ಆಗಂಗಿಲ್ಲಂತಲ್ರಿ. ಅದನ್ನ ಹಾಕ್ರಿ” ಎಂದಳು.

“ಯಾರ ಹೇಳಿದ್ರ ನಿನಗ?”

“ಮೊಬೈಲದಾಗ ನೋಡೇನ್ರಿ.”

ಅವಳು ಕೇಳಿದ್ದು ಎಪಿಡ್ಯೂರಲ್. ಬೆನ್ನುಮೂಳೆಯ ಒಳಗಿನ ಸಣ್ಣ ಜಾಗಕ್ಕೆ ತೆಳುವಾದ ನಳಿಕೆ ಇಳಿಸಿ, ಅದರಿಂದ ಹನಿಹನಿಯಾಗಿ ಔಷಧ ಬಿಟ್ಟು ಸೊಂಟದ ಕೆಳಗಿನ ನೋವನ್ನು ತಗ್ಗಿಸುವ ವಿಧಾನ. ಒಳ್ಳೆಯ ವಿಧಾನವೇ. ಬೇಕು ಅನ್ನುವ ಹೆಂಗಸನ್ನು ಅಂಜುಬುರುಕಿ ಎಂದು ಹೀಯಾಳಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಲ್ಲು ಕೀಳಿಸುವಾಗ ಮಾತ್ರ ಎಲ್ಲರಿಗೂ ಇಂಜೆಕ್ಷನ್ ಬೇಕು. ಆದರೆ ಎಪಿಡ್ಯೂರಲ್ ಕೊಡಲು ಅರಿವಳಿಕೆ ತಜ್ಞರು ಬೇಕು, ಕೊಟ್ಟ ಮೇಲೆ ಹೆರಿಗೆ ಆಗುವವರೆಗೂ ನಿಗಾ ಇಡಬೇಕು. ನಮ್ಮಲ್ಲಿ ಆ ತಜ್ಞರು ವಾರದ ಗೊತ್ತಾದ ದಿನಗಳಲ್ಲಿ ಆಪರೇಷನ್‌ಗಳಿಗಾಗಿ ಬಂದು ಹೋಗುತ್ತಿದ್ದರು. ಅದು ಅವರ ದಿನವಾಗಿರಲಿಲ್ಲ.

“ಮೊಬೈಲದಾಗ ತೋರ್ಸಿದ್ದೆಲ್ಲಾ ಇಲ್ಲಿ ಸಿಗೂದಿಲ್ಲವ್ವಾ,” ಎಂದೆ. “ಇಲ್ಲಿ ನಾ ಅದೇನಿ, ನನ್ನ ಕೈ ಐತಿ. ಬೇಕಾದಷ್ಟ ಹಿಚಕು. ಮುರೀಬ್ಯಾಡ ಅಷ್ಟ.”

ಅವಳು ನಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು.

ಹೆರಿಗೆಯ ಹೊತ್ತಿಗೆ ಜೊತೆಗೊಬ್ಬ ಹೆಂಗಸು ಒಳಗಿರಲು ಅವಕಾಶವಿದೆ. ಸಿದ್ದವ್ವನನ್ನು ಕರೆದೆ. ಮುದುಕಿ ಬಾಗಿಲ ಹತ್ತಿರವೇ ನಿಂತು, “ನಾ ಒಳಗ ಬರಂಗಿಲ್ರಿ ಬಾಯಾರ. ನೀವ ನೋಡ್ಕೋರಿ” ಎಂದಳು. ಮೊಮ್ಮಗಳ ಮೇಲೆ ಅಕ್ಕರೆ ಇಲ್ಲದವಳಲ್ಲ. ಗಂಟಿನಿಂದ ತೆಗೆದ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ಮಡಚಿ ನನ್ನ ಕೈಗೆ ಕೊಟ್ಟ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ಆದರೂ ಹೊರಗಿನ ಬೆಂಚಿನ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತುಬಿಟ್ಟಳು. ಬಾಗಿಲಿಗೆ ಬೆನ್ನು ಮಾಡಿ ಕೂಡುವವರನ್ನು ನಾನು ನೋಡಿರಲಿಲ್ಲ. ಹೊರಗೆ ಕೂತವರ ಕಣ್ಣೆಲ್ಲ ಯಾವಾಗಲೂ ಬಾಗಿಲ ಮೇಲೇ ಇರುತ್ತದೆ.

ಮಧ್ಯಾಹ್ನದ ಹೊತ್ತಿಗೆ ಮಾಯಕ್ಕನ ಬೇನೆ ಜೋರಾಯಿತು. ಹೊಟ್ಟೆಯ ಮೇಲೆ ಕೈ ಇಟ್ಟರೆ ಗರ್ಭಕೋಶ ಕಲ್ಲಿನಂತೆ ಬಿಗಿಯುವುದು ತಿಳಿಯುತ್ತಿತ್ತು. ಅಷ್ಟು ಬೇನೆಗೆ ಬೇರೆಯವರಾಗಿದ್ದರೆ ಛಾವಣಿ ಹಾರಿಸುತ್ತಿದ್ದರು. ಇವಳಿಂದ ಒಂದು ಸದ್ದಿಲ್ಲ. ನೈಟಿಯ ಕೊರಳನ್ನು ಹಲ್ಲಲ್ಲಿ ಕಚ್ಚಿ, ಉಸಿರು ಕಟ್ಟಿ, ಎರಡೂ ಮುಷ್ಟಿ ಬಿಗಿದು, ಕಾಲ್ಬೆರಳನ್ನೂ ಒಳಗೆ ಮಡಚಿಕೊಂಡು ಸೆಟೆದು ಬಿಡುತ್ತಿದ್ದಳು. ಬೇನೆ ಹೋದ ಮೇಲೆ ಮುಖವೆಲ್ಲ ಬೆವರು, ತುಟಿ ಬಿಳಿಚಿಕೊಂಡಿರುತ್ತಿತ್ತು. ಬಾಜೂ ಮಂಚದ ಹೆಂಗಸು ತನ್ನ ನೋವಿನ ನಡುವೆಯೇ ತಲೆ ಎತ್ತಿ ನೋಡಿ, “ಎಂಥಾ ಗಟ್ಟಿ ಹೆಣ್ಣಬೇ ಇದು!” ಎಂದು ಬೆರಗಾದಳು.

ನನಗೆ ಅದು ಗಟ್ಟಿತನ ಅನ್ನಿಸಲಿಲ್ಲ. ಅವಳ ಕಣ್ಣಲ್ಲಿ ಇದ್ದದ್ದು ಶುದ್ಧ ಭಯ. ದವಡೆ ಬಿಗಿ ಹಿಡಿದರೆ ಸೊಂಟದ ಕೆಳಗಿನ ಸ್ನಾಯುಗಳೂ ಬಿಗಿದುಕೊಳ್ಳುತ್ತವೆ ಎಂಬುದು ಹೆರಿಗೆ ಮಾಡಿಸುವವರೆಲ್ಲ ಕಂಡದ್ದು. ಉಸಿರು ಕಟ್ಟಿದರೆ ತಾಯಿ ದಣಿಯುತ್ತಾಳೆ. ಭಯದಿಂದ ಬಿಗಿ, ಬಿಗಿಯಿಂದ ನೋವು, ನೋವಿನಿಂದ ಮತ್ತೆ ಭಯ, ಹೀಗೆ ಸುತ್ತುತ್ತಲೇ ಇರುತ್ತದೆ. ಹೆರಿಗೆ ಎಷ್ಟು ಮುಂದುವರಿದಿದೆ ಎಂದು ಗೆರೆ ಎಳೆದು ತೋರಿಸುವ ಪಾರ್ಟೋಗ್ರಾಫ್ ಎಂಬ ನಕ್ಷೆ ನಮ್ಮಲ್ಲಿರುತ್ತದೆ. ಎಲ್ಲ ಸರಿ ಇದ್ದರೆ ಗೆರೆ ಮೇಲಕ್ಕೆ ಏರಬೇಕು. ಮಾಯಕ್ಕನ ಗೆರೆ ನೆಲಕ್ಕೆ ಮಲಗಿತ್ತು.

ನಮ್ಮ ಡಾಕ್ಟರ್ ವಯಸ್ಸಿನಲ್ಲಿ ನನ್ನ ಮಗಳಷ್ಟಿದ್ದರು, ತಾಳ್ಮೆಯ ಹೆಣ್ಣುಮಗಳು. ನಕ್ಷೆ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು.

“ಸಿಸ್ಟರ್, ಕೂಸಿನ ಎದಿಬಡಿತ ಚಲೋ ಐತಿ, ಅದಕ್ಕ ಇನ್ನೂ ಕಾಯೂಣು. ಸಂಜಿತನಕ ಹಿಂಗ ಇದ್ರ ಬೆಳಗಾವಿಗೆ ಕಳಸೂದ.”

ಅರಿವಳಿಕೆ ತಜ್ಞರಿಲ್ಲದೆ ಅವತ್ತು ನಮ್ಮಲ್ಲಿ ಸಿಸೇರಿಯನ್ ಆಗುವಂತಿರಲಿಲ್ಲ, ಅವರ ತೀರ್ಮಾನ ಸರಿಯಾಗಿಯೇ ಇತ್ತು. ಆದರೆ ಬೇನೆ ತಿನ್ನುತ್ತಿರುವ, ಭಯದಲ್ಲಿ ಹೆಪ್ಪುಗಟ್ಟಿದ ಹುಡುಗಿಯನ್ನು ಆಂಬ್ಯುಲೆನ್ಸ್‌ನಲ್ಲಿ ಕಬ್ಬಿನ ಗಾಡಿಗಳ ನಡುವೆ ಅಷ್ಟು ದೂರ ಕಳಿಸುವುದು, ಗುರುತಿಲ್ಲದ ಜಾಗದಲ್ಲಿ ಮಲಗಿಸುವುದು ನನ್ನ ಮನಸ್ಸಿಗೆ ಬರಲಿಲ್ಲ. ಡಾಕ್ಟರ ಮಾತು ಮಾಯಕ್ಕನ ಕಿವಿಗೂ ಬಿದ್ದಿತ್ತು.

“ಬೆಳಗಾವಿಗೆ ಬ್ಯಾಡ್ರಿ ಬಾಯಾರ. ಇಲ್ಲೇ ಕೊಯ್ದ ತಗೀರಿ. ಈಗ ತಗೀರಿ” ಎಂದು ನನ್ನ ಕೈ ಹಿಡಿದಳು.

ಎಲ್ಲ ಕೆಲಸ ಬಿಟ್ಟು ಸ್ಟೂಲು ಎಳೆದುಕೊಂಡು ಕೂತೆ. “ಮೊದಲ ಹೇಳು, ಯಾತಕ್ಕ ಇಷ್ಟ ಅಂಜ್ತಿ? ಏನೂ ಗೊತ್ತಿಲ್ಲದಾಕಿಗತೆ ಮಾಡ್ತಿಯಲ್ಲ!”

“ಎಲ್ಲಾ ಗೊತ್ತೈತ್ರಿ ನನಗ. ಅದಕ್ಕ ಅಂಜಿಕಿ,” ಎಂದಳು.

ಆಮೇಲೆ ಬೇನೆ ಬೇನೆಗಳ ನಡುವಿನ ಬಿಡುವಿನಲ್ಲಿ, ತುಂಡುತುಂಡಾಗಿ ಹೇಳಿದಳು. ಮದುವೆಯಾಗುವವರೆಗೂ ಅವಳು ಅಪ್ಪನ ಜೊತೆ ಕುರಿ ಹಿಂದೆ ತಿರುಗಿದವಳು. ಎಷ್ಟೋ ಕುರಿಗಳು ಈಯುವಾಗ ನೆರವಾದವಳು. ಸಣ್ಣವಳಿದ್ದಾಗ ಒಂದು ಸಲ ಅಪ್ಪ ಜೋಳದ ಹಿಟ್ಟು ತರಲು ಹೋದಾಗ ಒಂದು ಕುರಿಗೆ ಬೇನೆ ಬಂತು. “ಮರಿ ಅಡ್ಡ ಸಿಕ್ಕೊಂಡಿತ್ರಿ. ಕೈ ಹಾಕಿದ್ನಿ. ಕಾಲ ಸಿಕ್ಕೂವು, ತಲಿ ಸಿಗಲಿಲ್ಲ. ಕುರಿ ನನ್ನ ತೊಡಿ ಮ್ಯಾಲೆ ತಲಿ ಇಟ್ಟ ನನ್ನ ನೋಡ್ಕೋತನ ಹೋತ್ರಿ.” ಮತ್ತೆ ಬೇನೆ ಬಂತು. ನೈಟಿಯ ಕೊರಳು ಬಾಯಿಗೆ ಹೋಯಿತು. ಅದು ಹಾದುಹೋದ ಮೇಲೆ ಕೇಳಿದಳು: “ನನ್ನ ಕೂಸೂ ಅಡ್ಡ ಐತೇನ್ರಿ? ಖರೆ ಹೇಳ್ರಿ.”

ಎದೆಬಡಿತ ಕೇಳಿಸಿದಾಗ ಅವಳ ಮುಖ ಯಾಕೆ ಅರಳಲಿಲ್ಲ ಎಂದು ಈಗ ತಿಳಿಯಿತು. ಆ ಕುರಿಯ ಹೊಟ್ಟೆಯಲ್ಲೂ ಮರಿ ಬದುಕಿಯೇ ಇತ್ತು. ಬಾಯಿಮಾತಿನ ಸಮಾಧಾನದಿಂದ ಈ ಹುಡುಗಿಗೆ ಏನೂ ಆಗದು, ಕೈಗೆ ತಿಳಿದದ್ದನ್ನು ಮಾತ್ರ ಇವಳು ನಂಬುತ್ತಾಳೆ ಅನ್ನಿಸಿತು. ಅವಳ ಎರಡೂ ಅಂಗೈ ಹಿಡಿದು ಹೊಟ್ಟೆಯ ಮೇಲೆ ಇಟ್ಟೆ.

“ನೀನ ನೋಡು. ಇಲ್ಲಿ ಉದ್ದಕ ಗಟ್ಟಿ ಹತ್ತತೈತಲ್ಲ, ಇದ ಬೆನ್ನು. ಮ್ಯಾಲ ಮೆತ್ತಗ ಇದ್ದದ್ದ ಅಂಡು. ಈಗ ಕೆಳಗ ಒತ್ತು. ಇನ್ನೂ ಕೆಳಗ. ಏನ ಹತ್ತತೈತಿ?”

ಅವಳ ಬೆರಳು ನಿಧಾನವಾಗಿ ಇಳಿದವು. ಎಷ್ಟೋ ಕುರಿಗಳ ಹೊಟ್ಟೆ ಹಿಡಿದು ನೋಡಿದ ಬೆರಳು, ತಡಕಾಡಲಿಲ್ಲ. ದುಂಡಗಿನದೊಂದು ಅಂಗೈಗೆ ಸಿಕ್ಕಾಗ ಕಣ್ಣು ದೊಡ್ಡದು ಮಾಡಿ ನನ್ನನ್ನು ನೋಡಿದಳು.

“ತಲಿ ಐತ್ರಿ.”

“ತಲೀನ ಐತಿ. ಸೀದಾ ಐತಿ. ನಿನ್ನ ಮಗ ಆಗಲಿ ಮಗಳಾಗಲಿ, ನಿನಕಿಂತ ಶ್ಯಾಣ್ಯಾ ಐತಿ. ದಾರಿ ಯಾವ ಕಡೆ ಐತಿ ಅಂತ ಅದಕ್ಕ ಗೊತ್ತೈತಿ.”

ಬೆಳಗಿನಿಂದ ಮೊದಲ ಸಲ ಅವಳ ತುಟಿ ಒಂಚೂರು ನಗುವಿನತ್ತ ತಿರುಗಿತು. ನನಗೂ ಸಮಾಧಾನವಾಯಿತು. ಇನ್ನು ದಾರಿಗೆ ಬಂದಳು ಅಂದುಕೊಂಡೆ. ಆದರೆ ಮುಂದಿನ ಬೇನೆಗೆ ಮತ್ತೆ ಅದೇ ಕತೆ: ಹಲ್ಲು ಕಚ್ಚಿ, ಉಸಿರು ಕಟ್ಟಿ, ಕಾಲು ಸೆಟೆದು. ನನಗೆ ಸಿಟ್ಟು ಬಂತು.

“ಏ ಹುಡುಗಿ, ಬಾಯಿ ತೆಗೀಬೇ! ಒದರು! ನನ್ನ ಬೈ, ಗಂಡನ್ನ ಬೈ, ಯಾರನರೆ ಬೈ. ಇಡೀ ಗೋಕಾಕಕ್ಕ ಕೇಳೂ ಹಂಗ ಒದರು. ಇಲ್ಲಿ ಯಾರೂ ಏನೂ ಅನ್ನಂಗಿಲ್ಲ.”

“ಒಲ್ಯಾರಿ,” ಎಂದು ತಲೆ ಅಲ್ಲಾಡಿಸಿದಳು. ಕಣ್ಣಿಂದ ನೀರು ಹರಿಯುತ್ತಿತ್ತು. “ಒದರಬಾರ್ದ್ರಿ. ಕುರಿ ಬೆದರ್ತಾವು.”

“ಏನು?”

“ಕುರಿ ಬೆದರ್ತಾವ್ರಿ ಬಾಯಾರ.”

ಆ ಕ್ಷಣಕ್ಕೆ ನಾನು ಸುತ್ತಮುತ್ತ ನೋಡಿದ್ದು ಖರೆ. ಹಸಿರು ಪರದೆ, ಬಿಳಿ ಟೈಲ್ಸಿನ ಗೋಡೆ, ಸ್ಟೀಲಿನ ಟ್ರೇ. “ಎಲ್ಲಿ ಅದಾವಬೇ ಇಲ್ಲಿ ಕುರಿ?” ಎಂದು ಕೇಳಿದೆ. ಕೇಳಿದ ಮೇಲೆ ಅವಳು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಯಿತು.

ಅವರ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಮೈನೆರೆದ ಮೇಲೆ ಹೇಳಿಕೊಡುವ ಮಾತಂತೆ ಅದು. ಹಿಂದೆ ಬಸುರಿಯರೂ ಕುರಿಯ ಜೊತೆ ಅಡವಿಗೆ ಹೋಗುತ್ತಿದ್ದರು. ಊರು ದೂರ, ಹೊಲದಲ್ಲಿ ಬಲೆ ಕಟ್ಟಿ ನೂರಾರು ಕುರಿ ಕೂಡಿ ಹಾಕಿರುತ್ತಾರೆ, ಪಕ್ಕದಲ್ಲಿ ಕಂಬಳಿಯ ಮರೆ ಮಾಡಿ ಹೆರಿಗೆ. ಹೆರುವವಳು ಕಿರುಚಿದರೆ ಕುರಿ ಬೆದರಿ, ಬಲೆ ಹರಿದುಕೊಂಡು ಕತ್ತಲಲ್ಲಿ ದಿಕ್ಕಾಪಾಲಾಗುತ್ತವೆ. ತೋಳ ಕಾದು ಕೂತಿರುತ್ತದೆ. ಒಂದು ಮನೆತನದ ಬದುಕೇ ಆ ಕುರಿಗಳ ಮೇಲೆ ನಿಂತಿರುವಾಗ ಬಾಯಿ ಬಿಡುವುದುಂಟೇ? ಕಂಬಳಿಯ ಅಂಚು ಕಚ್ಚಿಕೊಂಡು ಹೆರಬೇಕು. ಅವಳ ಆಯಿ ಹಾಗೆಯೇ ಹೆತ್ತಳು, ಅವ್ವನೂ ಹಾಗೆಯೇ ಹೆತ್ತಳು. “ನಮ್ಮ ಮನ್ಯಾಗ ಯಾರೂ ಒದರಿಲ್ರಿ,” ಎಂದಳು ಮಾಯಕ್ಕ. ಅದರಲ್ಲಿ ಹೆಮ್ಮೆ ಇತ್ತು, ತನ್ನಿಂದಲೇ ಅದು ಮುರಿದೀತೆಂಬ ಹೆದರಿಕೆಯೂ ಇತ್ತು. ಕಾಂಕ್ರೀಟಿನ ಕಟ್ಟಡ, ಟ್ಯೂಬ್‌ಲೈಟು, ಮೊಬೈಲು ಎಲ್ಲ ಬಂದರೂ ಬೇನೆ ಬಂದಾಗ ಅವಳ ಮೈ ಆ ಕಂಬಳಿಯ ಮರೆಗೇ ಹೋಗಿ ಮಲಗಿತ್ತು.

ಅದನ್ನು ಮೂಢನಂಬಿಕೆ ಎಂದು ತೆಗೆದುಹಾಕಲು ನನಗೆ ಬಾಯಿ ಬರಲಿಲ್ಲ. ಅಡವಿಯಲ್ಲಿ ಅದು ಅರ್ಥವಿದ್ದ ಮಾತೇ. ಇಲ್ಲಿ ಕುರಿ ಇಲ್ಲ ಎಂದು ಅವಳಿಗೂ ಗೊತ್ತು; ಆದರೆ ಬೇನೆ ಬಂದಾಗ ಮೈಗೆ ತಿಳಿಹೇಳಲು ಆಗುವುದಿಲ್ಲ. ಇನ್ನೇನು ಮಾಡುವುದು? ಸುಮ್ಮನೆ ಅವಳ ಸೊಂಟ ನೀವುತ್ತಾ, ಮಾತಿಗೊಂದು ಮಾತು ಎಂಬಂತೆ ಕೇಳಿದೆ: “ಅಲ್ಲ, ಬ್ಯಾನಿ ತಿನ್ನೂ ಕುರಿ ಬಾಜೂಕ ನೀ ಏನ ಮಾಡ್ತಿದ್ದಿ? ಅದಕ್ಕೂ ಸುಮ್ಕಿರು ಅಂತ ಹೇಳ್ತಿದ್ದೇನು?”

“ಇಲ್ರಿ. ಬಾಜೂಕ ಕುಂತ ಬುರ್ರ್ ಅಂತಿದ್ನಿ.”

“ಹಂಗಂದ್ರ?”

ಮಾಯಕ್ಕ ನಾಚಿದಳು. ಆಮೇಲೆ ದವಡೆ ಸಡಿಲ ಬಿಟ್ಟು, ತುಟಿ ಜೋಲು ಬಿಟ್ಟು, ಹೊಟ್ಟೆಯೊಳಗಿಂದ ಉಸಿರು ಹೊರಗೆ ಬಿಟ್ಟಳು. ತುಟಿಗಳು ತಾವೇ ಪಟಪಟ ನಡುಗಿ “ಬುರ್ರ್ರ್…” ಎಂದು ಒಂದು ತಗ್ಗು ಸದ್ದು ಹೊರಟಿತು. ನೀವೂ ಕುರುಬರು ಕುರಿಗಳನ್ನು ಸಮಾಧಾನ ಮಾಡುವಾಗ ಕೇಳಿರಬಹುದು. ಆ ಸದ್ದು ಮಾಡಬೇಕಾದರೆ ಹಲ್ಲು ಕಚ್ಚಲಾಗುವುದಿಲ್ಲ, ಉಸಿರು ಕಟ್ಟಲಾಗುವುದಿಲ್ಲ. ಬೇಕಾದರೆ ಈಗಲೇ ಮಾಡಿ ನೋಡಿ. ಬೆಳಗಿನಿಂದ ನಾನು ಬೈದು, ರಮಿಸಿ, ಕೇಳಿಕೊಂಡರೂ ಸಡಿಲವಾಗದಿದ್ದ ಆ ದವಡೆ ನನ್ನ ಕಣ್ಣೆದುರೇ ಸಡಿಲಾಯಿತು. ಹೆಗಲೂ ಇಳಿಯಿತು.

“ಯವ್ವಾ, ತಡಿ ತಡಿ,” ಎಂದೆ. “ಇದಕ್ಕ ಕುರಿ ಬೆದರ್ತಾವೇನು?”

“ಇದಕ್ಕ್ಯಾಕ ಬೆದರ್ತಾವ್ರಿ? ಇದನ್ನ ಕೇಳಿದ್ರ ಸಮಾಧಾನ ಆಕ್ಕಾವು.”

“ಹಂಗಾದ್ರ ಈಗ ಬ್ಯಾನಿ ಬಂದ್ರ ಇದನ್ನ ಮಾಡು. ನೀನ ಕುರಿ, ನೀನ ಕುರುಬತಿ. ತಿಳೀತಿಲ್ಲ?”

ಬೇನೆ ಬಂತು. ಅಭ್ಯಾಸದಂತೆ ಕೈ ನೈಟಿಯ ಕೊರಳಿಗೆ ಹೋಯಿತು. ನಾನು ಕೈ ಹಿಡಿದುಕೊಂಡು ನನ್ನ ತುಟಿಯಿಂದಲೇ “ಬುರ್ರ್” ಎನ್ನಲು ಹೋದೆ. ನನ್ನದು ಸರಿಯಾಗಿ ಬರಲಿಲ್ಲ, ಎಂಜಲು ಹಾರಿತು. ಅವಳಿಗೆ ನೋವಿನಲ್ಲೂ ನಗು ಬಂತು. ನಗುತ್ತಲೇ ತಾನೂ ಶುರು ಮಾಡಿದಳು. ಉಸಿರು ಮುಗಿದರೆ ಮತ್ತೆ ಎಳೆದುಕೊಂಡು ಮತ್ತೆ ಬುರ್ರ್. ಬೇನೆ ಏರಿ, ತುದಿ ಮುಟ್ಟಿ, ಇಳಿಯಿತು. ಅವಳು ಕಣ್ಣು ತೆರೆದು, “ಹೋತ್ರಿ!” ಎಂದಳು, ತನಗೇ ನಂಬಿಕೆ ಬಾರದವಳಂತೆ. ನನಗೆ ಎಷ್ಟು ಖುಷಿಯಾಯಿತೆಂದರೆ ಅವಳ ಗಲ್ಲ ಹಿಂಡಿಬಿಟ್ಟೆ.

ನೋವು ಕಡಿಮೆಯಾಯಿತು ಎಂದು ನಾನು ಹೇಳುವುದಿಲ್ಲ. ನೋವು ಅಷ್ಟೇ ಇತ್ತು, ಹೊತ್ತು ಹೋದಂತೆ ಹೆಚ್ಚೂ ಆಯಿತು. ಆದರೆ ಈಗ ಅವಳು ಅದರ ಕೆಳಗೆ ಸಿಕ್ಕಿಕೊಂಡಿರಲಿಲ್ಲ. ಮಂಚದಿಂದ ಎಬ್ಬಿಸಿ ಕಿಟಕಿಯ ಸರಳು ಹಿಡಿದು ನಿಲ್ಲಿಸಿದೆ. ಬೇನೆ ಬಂದಾಗ ಸರಳಿಗೆ ಒರಗಿ ಸೊಂಟ ತೂಗುತ್ತಾ ಬುರ್ರ್ ಎನ್ನುವುದು. ನಾನು ಹಿಂದಿನಿಂದ ಸೊಂಟ ಒತ್ತುವುದು. ಬೇನೆ ಹೋದಾಗ ನಾಲ್ಕು ಹೆಜ್ಜೆ ತಿರುಗಾಡಿ ಎರಡು ಗುಟುಕು ನೀರು. ಬಾಜೂ ಮಂಚದ ಹೆಂಗಸೂ, ನೋಡೋಣ ಇದೇನೆಂದು ಶುರು ಹಚ್ಚಿದಳು. ಅವಳು ಮೂಡಲಗಿ ಕಡೆಯ ಒಕ್ಕಲುತನದ ಮನೆಯ ಹೆಣ್ಣುಮಗಳು. ಕುರಿ ಕಾದವಳಲ್ಲ, ಆದರೂ ಚಲೋ ಬಂತು. ಡಾಕ್ಟರ್ ಒಳಗೆ ಬಂದವರೇ ಬಾಗಿಲಲ್ಲೇ ನಿಂತರು.

“ಇದೇನ್ರಿ ಸಿಸ್ಟರ್ ಸಪ್ಪಳಾ?”

“ಕುರಿ ಕಾಯಾಕತ್ತೇವ್ರಿ ಡಾಕ್ಟರ,” ಎಂದೆ.

ಅವರು ನಗುತ್ತಲೇ ಕೈಗವಸು ಹಾಕಿಕೊಂಡು ಪರೀಕ್ಷೆ ಮಾಡಿದರು. ಏಳು ಸೆಂಟಿಮೀಟರ್! ನಕ್ಷೆಯ ಗೆರೆ ಎದ್ದು ನಿಂತಿತ್ತು. ಆ ಸದ್ದಿನಿಂದಲೇ ಹಾಗಾಯಿತೋ, ನಡೆದಾಡಿದ್ದರಿಂದಲೋ, ಕೂಸಿನ ತಲೆ ಅವಳ ಕೈಗೇ ಸಿಕ್ಕು ಭಯ ಹೋದದ್ದರಿಂದಲೋ, ಅಥವಾ ಅದರ ಹೊತ್ತೇ ಆಗ ಬಂದಿತ್ತೋ ನನಗೆ ಹೇಳಲು ಬಾರದು. ಬೆಳಗಾವಿಯ ಮಾತು ಅಲ್ಲಿಗೆ ನಿಂತಿತು.

ಆ ಹೊತ್ತಿಗೆ ಬಾಗಿಲ ಸಂದಿಯಲ್ಲಿ ಕರಿ ಕಂಬಳಿ ಕಂಡಿತು. ಬೆಳಗಿನಿಂದ ಬೆನ್ನು ತೋರಿಸಿ ಕೂತಿದ್ದ ಸಿದ್ದವ್ವ ಆ ಸದ್ದು ಕೇಳಿ ಎದ್ದು ಬಂದಿದ್ದಳು. “ಕುರಿ ಸಮಾಧಾನ ಮಾಡೂ ಸಪ್ಪಳ ಕೇಳ್ತಲ್ರಿ” ಎಂದು ಅನುಮಾನದಿಂದ ಇಣುಕಿದಳು. ಮಾಯಕ್ಕ ಕಿಟಕಿಯ ಹತ್ತಿರದಿಂದಲೇ ಕೈ ಚಾಚಿದಳು.

“ಆಯೀ, ಒಳಗ ಬಾರಬೇ.”

ಮುದುಕಿ ಒಂದು ಗಳಿಗೆ ಹೊಸ್ತಿಲ ಮೇಲೆ ನಿಂತಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಮೊಮ್ಮಗಳ ಕೈ ಹಿಡಿದಳು.

ಸಂಜೆಯ ಬಿಸಿಲು ಕಿಟಕಿಯಿಂದ ಒಳಗೆ ಬರುವ ಹೊತ್ತಿಗೆ ಹತ್ತು ಸೆಂಟಿಮೀಟರ್ ಪೂರ್ತಿಯಾಯಿತು. ಕೂಸು ಇಳಿಯುವ ಈ ಘಟ್ಟದಲ್ಲಿ ಎಂಥ ಗಟ್ಟಿಗಿತ್ತಿಯರಿಗೂ ‘ಇನ್ನಾಗದು’ ಅನ್ನಿಸುತ್ತದೆ. ಮಾಯಕ್ಕನೂ, “ನಾ ಸಾಯ್ತೇನ್ರಿ, ಖರೇನ ಸಾಯ್ತೇನ್ರಿ” ಎಂದಳು. “ಸಾಯಾಕ ನಾ ರಜಾ ಕೊಟ್ಟಿಲ್ಲ,” ಎಂದೆ. ಕೂಸಿನ ತಲೆಯ ಕಪ್ಪು ಕೂದಲು ಕಾಣಿಸಿತು. ಕನ್ನಡಿ ಹಿಡಿಯುವ ಬದಲು ಅವಳ ಕೈಯನ್ನೇ ಕೆಳಗೆ ಒಯ್ದು ಮುಟ್ಟಿಸಿದೆ. ಈಗ ಬುರ್ರ್ ಸಾಲದಾಗಿತ್ತು. ಒಳಗಿನಿಂದ ಏನೋ ದೊಡ್ಡದು ಗಂಟಲಿಗೆ ಬಂದು ನಿಂತಿತ್ತು, ಅವಳು ಅದನ್ನು ನುಂಗುತ್ತಿದ್ದಳು. ಹಲ್ಲು ಮತ್ತೆ ಕೂಡಿಕೊಳ್ಳುತ್ತಿತ್ತು. ಅವಳು ನೋಡಿದ್ದು ನನ್ನ ಕಡೆಗಲ್ಲ, ಡಾಕ್ಟರ ಕಡೆಗೂ ಅಲ್ಲ. ಆಯಿಯ ಮುಖ ನೋಡಿದಳು.

ಆಗ ನಾನು ಮುದುಕಿಗೆ ಮೆಲ್ಲಗೆ ಹೇಳಿದೆ: “ಆಯೀ, ಇಲ್ಲಿ ಬೆದರಾಕ ಕುರಿ ಇಲ್ಲರಿ.”

ಸಿದ್ದವ್ವ ನನ್ನನ್ನು ನೋಡಿದಳು, ಕಿಟಕಿಯ ಆಚೆ ನೋಡಿದಳು. ಆಮೇಲೆ ಬಾಗಿ ಮೊಮ್ಮಗಳ ಹಣೆಯ ಕೂದಲು ಹಿಂದೆ ಸರಿಸಿ, ಕಿವಿಯ ಹತ್ತಿರ ಹೇಳಿದಳು.

“ಒದರು, ನನ್ನವ್ವಾ. ಒದರು.”

ಮಾಯಕ್ಕ “ಯವ್ವಾ” ಎಂದು ಒದರಿದಳು. ಸೇವೆಯಲ್ಲಿ ಎಷ್ಟೋ ಕೂಗು ಕೇಳಿದ್ದೇನೆ; ಅಷ್ಟು ತುಂಬಿದ ಗಂಟಲಿನ ಕೂಗು ಕೇಳಿದ ನೆನಪಿಲ್ಲ. ಅದರ ಹಿಂದೆಯೇ ಕೂಸಿನ ತಲೆ ನನ್ನ ಅಂಗೈಗೆ ಬಂತು, ಹೆಗಲು ತಿರುಗಿತು, ಜಾರಿ ಇಡೀ ಕೂಸು ಹೊರಗೆ ಬಂತು. ಹೆಣ್ಣು ಮಗು. ತಾಯಿಯಂತಲ್ಲ, ಬಂದ ಕೂಡಲೇ ಬಾಯಿ ಮಾಡಿತು. ತಾಯಿಯ ಎದೆಯ ಮೇಲೆ ಹಾಕಿದೆ. ಮಾಯಕ್ಕ ಅದರ ಬೆನ್ನು, ಕಾಲು, ತಲೆ ಎಲ್ಲವನ್ನೂ ಮುಟ್ಟಿ ನೋಡಿಕೊಂಡು, ಬೇರೆ ಮಾತು ತೋಚದೆ, ಅದರ ನೆತ್ತಿಯ ಮೇಲೆ ಮೆಲ್ಲಗೆ ಬುರ್ರ್ ಎಂದಳು. ಕೂಸು ಅಳು ನಿಲ್ಲಿಸಿ ಕಣ್ಣು ಬಿಟ್ಟಿತು. ಡಾಕ್ಟರ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ನಾನು ತಿರುಗಿಸುವ ಗೋಜಿಗೂ ಹೋಗಲಿಲ್ಲ, ನನ್ನ ಎರಡೂ ಕೈಗೆ ಕೆಲಸವಿತ್ತು.

ಹೊಲಿಗೆ ಬೇಕಾಗಲಿಲ್ಲ. ಮಾಸು ಬಿದ್ದು, ರಕ್ತಸ್ರಾವ ಹತೋಟಿಯಲ್ಲಿದೆ ಎಂದು ಖಾತ್ರಿಯಾದ ಮೇಲೆ ಹೊರಗೆ ಬಂದೆ. ಸಿದ್ದವ್ವ ಮತ್ತೆ ಅದೇ ಬೆಂಚಿನ ಮೇಲಿದ್ದಳು, ಈ ಸಲ ಬಾಗಿಲಿಗೆ ಮುಖ ಮಾಡಿ. ಬಾಜೂದಲ್ಲಿ ಕೂತೆ. ಕಾಲು ನೋಯುತ್ತಿದ್ದವು. ಮುದುಕಿ ತಾನಾಗಿಯೇ ಮಾತಾಡಿದಳು.

“ನಾ ಆರು ಹಡದೇನ್ರಿ ಬಾಯಾರ. ಎಲ್ಲಾ ಅಡವ್ಯಾಗ. ಒಮ್ಮೆನೂ ಬಾಯಿ ಬಿಟ್ಟಿಲ್ಲ. ಒಂದ ಕೂಸು ಉಸಿರ ಆಡಲೇ ಇಲ್ಲ. ಹೆಣ್ಣ ಇತ್ತ್ರಿ. ಹುಣಸಿ ಗಿಡದ ಬುಡಕ ಮಣ್ಣಾಗ ಇಟ್ಟ, ಮುಂಜಾನೆ ಕುರಿ ಹೊಡಕೊಂಡ ಮುಂದ ಹೋದ್ವಿ. ಅವತ್ತರೆ ಒದರಬೇಕಂತ ಅನಸ್ತು. ಕುರಿ ಇದ್ದೂವಲ್ರಿ…”

ಬೆಳಗಿನಿಂದ ಯಾಕೆ ಒಳಗೆ ಬರಲಿಲ್ಲ ಎಂದು ನಾನು ಕೇಳಬೇಕಾಗಿರಲಿಲ್ಲ. ಅವಳ ಕೈ ಹಿಡಿದುಕೊಂಡೆ.

“ಈಗ ಇಲ್ಲಲ್ಲಬೇ ಆಯಿ,” ಎಂದೆ. “ಈಗ ಒದರು.”

ಅವಳ ಕಂಬಳಿ ಹೆಗಲಿಂದ ಜಾರಿತು, ಎರಡೂ ಕೈಯಿಂದ ಎದೆ ಹಿಡಿದುಕೊಂಡು ಮುದುಕಿ ಬಾಯಿ ತೆರೆದು ಅತ್ತಳು. ಇಡೀ ಕಾರಿಡಾರ್ ತಿರುಗಿ ನೋಡಿತು. ಬೇರೆ ವಾರ್ಡುಗಳಿಂದ ಜನ ಎದ್ದು ಬಂದರು. ಗೇಟಿನ ವಾಚ್‌ಮನ್ ಓಡಿ ಬಂದು, “ಏನಾತ್ರಿ ಬಾಯಾರ? ಯಾರ ಹೋದ್ರು?” ಎಂದು ಗಾಬರಿಯಿಂದ ಕೇಳಿದ.

“ಯಾರೂ ಹೋಗಿಲ್ಲಪ್ಪಾ,” ಎಂದೆ. “ಆಯಿ ಈಗ ಹಡಿಯಾಕತ್ತಾಳ. ಒಂಚೂರು ದಾರಿ ಬಿಡ್ರಿ.”

ಆಮೇಲೂ ಸ್ವಲ್ಪ ಕಾಲ ಕೆಲಸ ಮಾಡಿ ನಿವೃತ್ತಳಾದೆ. ಎಪಿಡ್ಯೂರಲ್ ನಮ್ಮ ಊರುಗಳ ಆಸ್ಪತ್ರೆಗೂ ಬರಲಿ, ಬೇಕೆಂದವರಿಗೆಲ್ಲ ಸಿಗಲಿ ಎಂದು ಈಗಲೂ ಹೇಳುತ್ತೇನೆ. ಅದು ಬರುವವರೆಗೆ ನನ್ನ ಹತ್ತಿರ ಇದ್ದದ್ದು ಕೈ, ಕಿವಿ, ಒಂದು ಸ್ಟೂಲು. ಬೇನೆ ತಿನ್ನುತ್ತಾ ಬಂದ ಹುಡುಗಿಯರಿಗೆ ಏನು ಮಾಡಬೇಕು ಎಂದು ಹೇಳುವ ಮೊದಲು, ‘ಏನು ಮಾಡಬೇಡ ಎಂದು ನಿಮ್ಮ ಮನೆಯಲ್ಲಿ ಹೇಳಿದ್ದಾರೆ?’ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಕೆಲವರು ಎಂದೂ ಯಾರಿಗೂ ಹೇಳದ್ದನ್ನು ಹೇಳಿದರು. ಡ್ಯೂಟಿಗೆ ಹೋದ ಕೂಡಲೇ ಒದರುವವರಿಗೆ, “ಬಂದ್ನಿ ಇರಬೇ, ನಿನ್ನ ಗಂಟಲ ಚಲೋ ಐತಿ” ಎಂದು ದೂರದಿಂದಲೇ ಕೂಗಿ ಹೇಳಿ, ಮೂಲೆಯಲ್ಲಿ ಸುಮ್ಮನೆ ಮಲಗಿದವಳ ಹತ್ತಿರ ಮೊದಲು ಹೋಗುತ್ತಿದ್ದೆ.